ಗುಜರಿಗೆ ಹಾಕುವ ಮೊದಲು ಒಮ್ಮೆ ಹಚ್ಚಿ ಕೇಳಿ

‘ಇದರಿಂದ ಪ್ಲೇಸ್‌ಮೆಂಟ್ ಆಗುತ್ತಾ?’ ಹಳೆಯ ಗ್ರಾಮಾಫೋನ್ ರೆಕಾರ್ಡ್ ಹುಡುಕಿಕೊಂಡು ತಿರುಗುತ್ತೇನೆ ಅಂದಾಗಲೆಲ್ಲ ಗೆಳೆಯರು ಕೇಳುವುದು ಇದನ್ನೇ. ಆಗುವುದಿಲ್ಲ. ಆದರೂ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆಯ ನನ್ನ ವಯಸ್ಸಿನವರು ಈ ಕೆಲಸಕ್ಕೆ ಈಗಲೇ ಕೈ ಹಾಕಬೇಕು ಎನ್ನುತ್ತೇನೆ. ಹತ್ತು ವರ್ಷ ಬಿಟ್ಟರೆ ನಮ್ಮ ಕೈಯಲ್ಲಿ ಸಂಬಳ ಇರಬಹುದು, ಆದರೆ ಈ ರೆಕಾರ್ಡ್‌ಗಳು ಇರುವುದಿಲ್ಲ.

ನನಗೆ ಈ ಹುಚ್ಚು ಹತ್ತಿದ್ದು ಜಾಝ್ ಫ್ಯೂಷನ್‌ನಿಂದ. ಪಿಯುಸಿ ಮುಗಿದ ರಜೆಯಲ್ಲಿ ಮೊಬೈಲಿನಲ್ಲಿ ‘ಶಕ್ತಿ’ ತಂಡವನ್ನು ಕೇಳಿದೆ. ಜಾನ್ ಮೆಕ್ಲಾಫ್ಲಿನ್ ಗಿಟಾರು, ಎಲ್. ಶಂಕರ್ ಪಿಟೀಲು, ಝಾಕಿರ್ ಹುಸೇನ್ ತಬಲಾ, ವಿಕ್ಕು ವಿನಾಯಕರಾಮ್ ಘಟ. 1976ರಲ್ಲಿ ಅವರ ಮೊದಲ ಎಲ್‌ಪಿ ಬಂದಾಗ ನಮ್ಮಪ್ಪ ಇನ್ನೂ ಹುಟ್ಟಿರಲಿಲ್ಲ. ಅದೇ ತಂಡಕ್ಕೆ 2024ರಲ್ಲಿ ಗ್ರ್ಯಾಮಿ ಬಂತು. ಮುಂದೆ ಹುಡುಕಿದರೆ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನವರು ಸಿಕ್ಕರು. ಟಿ.ಎ.ಎಸ್. ಮಣಿ ಅವರ ಮೃದಂಗ, ಆರ್.ಎ. ರಮಾಮಣಿ ಅವರ ಕಂಠ, ಜೊತೆಗೆ ಅಮೆರಿಕದ ಚಾರ್ಲಿ ಮರಿಯಾನೊ ಸ್ಯಾಕ್ಸೊಫೋನ್. 1983ರ ಆ ರೆಕಾರ್ಡಿನ ಹೆಸರು ‘ಜ್ಯೋತಿ’. ಫ್ಯೂಷನ್ ಅಂದರೆ ನಮ್ಮದಲ್ಲ ಎನ್ನುವವರಿಗೆ ಇನ್ನೊಂದು ಮಾತು: ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು ಮೊದಲು ಕಲಿತದ್ದು ಕರ್ನಾಟಕ ಸಂಗೀತ, ಆಮೇಲೆ ಹಿಂದೂಸ್ತಾನಿ. ಬೆರೆಯುವುದು ಈ ನೆಲಕ್ಕೆ ಹೊಸದೇನಲ್ಲ.

ಆನ್‌ಲೈನ್‌ನಲ್ಲಿ ಇಂಥ ಎಲ್‌ಪಿಗಳ ಬೆಲೆ ನೋಡಿದರೆ ಒಂದು ತಿಂಗಳ ಮೆಸ್ ಬಿಲ್ಲು. ಹಾಗಾಗಿ ಗುಜರಿ ಅಂಗಡಿ, ಸಂತೆ, ಖಾಲಿಯಾಗುವ ಮನೆಗಳನ್ನು ಸುತ್ತತೊಡಗಿದೆ. ಎರಡು ವರ್ಷದಲ್ಲಿ ಸಿಕ್ಕ ಜಾಝ್ ಫ್ಯೂಷನ್ ರೆಕಾರ್ಡ್ ಒಂದೇ ಒಂದು. ಇಳಕಲ್‌ನಲ್ಲಿ, ಮುಂಬೈಯಲ್ಲಿ ನೌಕರಿ ಮಾಡಿ ಬಂದಿದ್ದ ಹಿರಿಯರೊಬ್ಬರ ಮನೆಯ ಅಟ್ಟದ ಮೇಲೆ. ‘ತಗೊಂಡ್ ಹೋಗೋ ತಮ್ಮಾ, ಆದ್ರ ಎಲ್ಲಾನೂ ಒಯ್ಯಬೇಕ್ ನೋಡು’ ಅಂದರು ಅಜ್ಜಿ. ಮುನ್ನೂರು ರೂಪಾಯಿಗೆ ಎರಡು ಚೀಲ.

ಆ ಚೀಲಗಳೇ ನನ್ನ ದಾರಿ ತಪ್ಪಿಸಿದವು. ಮರಾಠಿ ನಾಟ್ಯಗೀತೆ, ಕನ್ನಡ ಸಿನಿಮಾದ ಸಣ್ಣ ಇಪಿಗಳು, ತಳದಲ್ಲಿ ಭಾರವಾದ ಕರಿ 78ರ ಪ್ಲೇಟುಗಳು. ಒಂದರ ಲೇಬಲ್ ಮೇಲೆ ಅಮೀರ್‌ಬಾಯಿ ಕರ್ನಾಟಕಿ ಎಂದಿತ್ತು. ಬೀಳಗಿಯ ಹೆಣ್ಣುಮಗಳು. ಬಾಗಲಕೋಟೆಯಿಂದ ಬಸ್ಸಿನಲ್ಲಿ ಒಂದು ತಾಸಿನ ದಾರಿ. 1943ರ ‘ಕಿಸ್ಮತ್’ ಕಲ್ಕತ್ತಾದ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಹೆಚ್ಚು ಓಡಿತಲ್ಲ, ಅದರಲ್ಲಿ ಹಾಡಿದವರು. ಅಕ್ಕ ಗೋಹರ್‌ಬಾಯಿ ಬಾಲಗಂಧರ್ವರ ನಾಟಕ ಮಂಡಳಿಯಲ್ಲಿ ಹಾಡಿ ಹೆಸರಾದವರು. ರಹಮತ್ ತರೀಕೆರೆಯವರು ಅಮೀರ್‌ಬಾಯಿ ಕುರಿತು ಪುಸ್ತಕವನ್ನೇ ಬರೆದಿದ್ದಾರೆ. ನಮ್ಮ ಕ್ಲಾಸಿನಲ್ಲಿ ಬೀಳಗಿಯವರು ನಾಲ್ವರಿದ್ದಾರೆ. ಒಬ್ಬರಿಗೂ ಈ ಹೆಸರು ಗೊತ್ತಿರಲಿಲ್ಲ.

‘ಎಲ್ಲ ಯೂಟ್ಯೂಬ್‌ನಲ್ಲಿ ಇದೆಯಲ್ಲ’ ಎನ್ನುತ್ತಾರೆ. ಹಳೆಯ 78ರ ಎಷ್ಟೋ ಹಾಡುಗಳು ಅಲ್ಲಿರುವುದು ಯಾರೋ ಒಬ್ಬರು ಪ್ಲೇಟನ್ನು ಕೊಂಡು, ತೊಳೆದು, ನುಡಿಸಿ ಏರಿಸಿದ್ದಕ್ಕೆ. ಯಾರೂ ಕೊಳ್ಳದ ಪ್ಲೇಟು ಅಲ್ಲಿಗೆ ಹೇಗೆ ಬರಬೇಕು? ಕಬ್ಬಿಣದ ಹಾಗೆ ತೂಕಕ್ಕೆ ಬೆಲೆ ಇಲ್ಲದ್ದರಿಂದ ಗುಜರಿಯವರು ಇವನ್ನು ಮೂಲೆಗೆ ಎಸೆಯುತ್ತಾರೆ, ಎಸೆದರೆ ಬಳೆಯಂತೆ ಒಡೆಯುತ್ತವೆ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಮನೆ ಬಿಟ್ಟು ನವನಗರಕ್ಕೆ ಬಂದವರನ್ನು ಕೇಳಿದ್ದೇನೆ. ಪಾತ್ರೆ, ಕಪಾಟು, ದೇವರ ಫೋಟೊ ತಂದವರು ‘ಫೋನೋ ಪ್ಲೇಟ್ ಯಾರ್ ತರ್ತಾರಪಾ’ ಎಂದು ನಗುತ್ತಾರೆ.

ಎಂಜಿನಿಯರಿಂಗ್ ಹುಡುಗರಿಗೆ ಇದರಲ್ಲಿ ಇನ್ನೊಂದು ಮಜಾ ಇದೆ. 78ರ ಗೆರೆ ಎಲ್‌ಪಿ ಗೆರೆಗಿಂತ ಸುಮಾರು ಮೂರು ಪಟ್ಟು ಅಗಲ. ಎಲ್‌ಪಿ ಮುಳ್ಳು ಹಚ್ಚಿದರೆ ಅದು ಗೆರೆಯ ತಳದಲ್ಲಿ ಹೊರಳಾಡಿ ಬರೀ ಗೊರಗೊರ ಸದ್ದು. ಎಲ್‌ಪಿ ವಿನೈಲ್‌ನದು, 78ರಲ್ಲಿ ಇರುವುದು ಅರಗು. ವಿನೈಲ್ ಒರೆಸಲು ಕೆಲವರು ಸ್ಪಿರಿಟ್ ಬಳಸುತ್ತಾರೆ. ಅದನ್ನೇ ಅರಗಿನ ಪ್ಲೇಟಿಗೆ ಹಚ್ಚಿದರೆ ಹಾಡೇ ಕರಗಿಹೋಗುತ್ತದೆ! ನೀರು, ಒಂದೆರಡು ಹನಿ ಸೋಪು, ಮೆತ್ತನೆ ಬಟ್ಟೆ ಸಾಕು. ಒಂದರ ಮೇಲೊಂದು ಪೇರಿಸಿ ಇಡಬಾರದು, ಪುಸ್ತಕದಂತೆ ನಿಲ್ಲಿಸಬೇಕು. ನಮ್ಮ ಏಪ್ರಿಲ್ ಬಿಸಿಲಿಗೆ ತಗಡಿನ ಸೂರಿನ ಕೆಳಗಿಟ್ಟ ಎಲ್‌ಪಿ ಹಪ್ಪಳವಾಗುತ್ತದೆ. ಮೂರನೇ ಸೆಮಿಸ್ಟರಿನಲ್ಲಿ ಓದಿದ ಸಿಗ್ನಲ್, ನಾಯ್ಸ್ ನನಗೆ ಅರ್ಥವಾದದ್ದು ಲ್ಯಾಬಿನಲ್ಲಲ್ಲ, ಹಾಳಾದ ಟರ್ನ್‌ಟೇಬಲ್ ಒಂದರ ಬೆಲ್ಟು ಬದಲಿಸುವಾಗ.

ನನಗೆ ಸಿಟ್ಟು ಬರುವುದು ರೆಕಾರ್ಡ್‌ಗೆ ಮುಳ್ಳು ಕೂಡಿಸಿ ಗೋಡೆ ಗಡಿಯಾರ ಮಾಡುವವರ ಮೇಲೆ. ಮೂವತ್ತು ರೂಪಾಯಿಗೆ ತಂದು ‘ವಿಂಟೇಜ್’ ಅಂತ ಮೂರು ಸಾವಿರಕ್ಕೆ ಮಾರುವವರ ಮೇಲೆ ಅಷ್ಟಿಲ್ಲ, ಅವರ ಕೈಯಲ್ಲಿ ಪ್ಲೇಟಾದರೂ ಉಳಿಯುತ್ತದೆ. ಆದರೆ ಕೊಂಡವರು ಕೇಳದೆ ಕಪಾಟಿನಲ್ಲಿ ಮುಚ್ಚಿಟ್ಟರೆ ಅಟ್ಟಕ್ಕೂ ಅದಕ್ಕೂ ಏನು ವ್ಯತ್ಯಾಸ? ನಾನಂತೂ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಲೇಬಲ್ ಮೇಲಿನ ಹೆಸರು, ನಂಬರು, ಯಾವ ಊರಲ್ಲಿ ಸಿಕ್ಕಿತು, ಆ ಮನೆಯಲ್ಲಿ ಯಾರು ಅದನ್ನು ಹಚ್ಚುತ್ತಿದ್ದರು, ಎಲ್ಲ ಬರೆಯುತ್ತೇನೆ. ಬನಶಂಕರಿ ಜಾತ್ರೆಗೆ ಹೋದರೆ ನಾಟಕ ಕಂಪನಿಗಳ ಡೇರೆ ಹತ್ತಿರ ಕೂತ ಹಿರಿಯರನ್ನು ಮಾತಾಡಿಸಿ ನೋಡಿ. ಯಾವ ಗೌಡರ ಮನೆಯಲ್ಲಿ ಫೋನೋ ಇತ್ತು, ಯಾವ ಹಾಡಿಗೆ ಓಣಿ ಮಂದಿ ಕಟ್ಟೆಗೆ ಬಂದು ಕೂಡುತ್ತಿದ್ದರು, ಅವರ ಬಾಯಲ್ಲೇ ಇದೆ.

ಕಾಲೇಜುಗಳು ಮಾಡಬಹುದಾದ್ದು ದೊಡ್ಡದೇನಲ್ಲ. ಲೈಬ್ರರಿಯಲ್ಲಿ ಒಂದು ಟೇಬಲ್, ಒಂದು ಟರ್ನ್‌ಟೇಬಲ್, ಎರಡು ಹೆಡ್‌ಫೋನ್, ರೆಕಾರ್ಡ್ ನಿಲ್ಲಿಸಲು ಒಂದು ರ‍್ಯಾಕ್. ಪ್ಲೇಟು ನಾವೇ ಮನೆಮನೆಯಿಂದ ತರುತ್ತೇವೆ, ಕಂಪ್ಯೂಟರಿಗೆ ಇಳಿಸುವುದನ್ನು ಮಿನಿ ಪ್ರಾಜೆಕ್ಟ್ ಮಾಡಿಕೊಳ್ಳುತ್ತೇವೆ. ಅಂಕ ಕೊಡುವುದು ಬಿಡುವುದು ಅವರಿಗೆ ಸೇರಿದ್ದು.

ಗುಳೇದಗುಡ್ಡದಲ್ಲಿ ಹಳೆಯ ಮನೆಯೊಂದನ್ನು ಖಾಲಿ ಮಾಡುತ್ತಿದ್ದಾರೆ, ಅಟ್ಟದ ಮೇಲೆ ಒಂದು ಟ್ರಂಕ್ ಇದೆ ಎಂದು ಗೆಳೆಯ ಫೋನ್ ಮಾಡಿದ್ದಾನೆ. ಸೋಮವಾರ ಇಂಟರ್ನಲ್ಸ್. ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟಿದ್ದೇನೆ, ಯಾರಾದರೂ ಬರುವುದಾದರೆ ಎರಡು ಗಟ್ಟಿ ಚೀಲ ತನ್ನಿ.