ಯಂತ್ರಪುರುಷನಲ್ಲಿ ಸಾರಥಿಯ ಸ್ಥಾನ

ಜಪಾನ್ ದೇಶದ ಚಿತ್ರಮಾಲಿಕೆಗಳಲ್ಲಿಯೂ ವಿಡಿಯೋ ಗೇಮುಗಳಲ್ಲಿಯೂ ಬರುವ ಬೃಹದಾಕಾರದ ರೋಬೋಟುಗಳನ್ನು ಕುರಿತು ಈ ಪುಟದಲ್ಲಿ ನಾವು ಬರೆಯುವೆವೆಂದು ವಾಚಕ ಮಹಾಶಯರು ನಿರೀಕ್ಷಿಸಿರಲಾರರು. ವಿಭಕ್ತಿಪ್ರತ್ಯಯಗಳ ವಿಚಾರವಾಗಿ ಬರೆಯತಕ್ಕವರು ಕಬ್ಬಿಣದ ರಾಕ್ಷಸರ ವಿಚಾರಕ್ಕೆ ಕೈಹಾಕಿದರೆಂದು ನಗುವವರು ನಗಲಿ. ಮನೆಯ ಮಕ್ಕಳು ಯಾವುದನ್ನು ಗಂಟೆಗಟ್ಟಲೆ ಕಣ್ಣು ಕೀಲಿಸಿ ನೋಡುವರೋ ಅದು ಗೃಹಸ್ಥನಿಗೆ ತಿಳಿದಿರಬೇಕಾದ ವಿಷಯವೇ ಸರಿ. "ಅದೇನೋ ಬೊಂಬೆಗಳ ಹೊಡೆದಾಟ" ಎಂದು ಹೇಳಿ ಪಕ್ಕಕ್ಕೆ ಸರಿಯುವುದು ಸುಲಭ. ನಾವು ಹಾಗೆ ಸರಿಯದೆ, ಕೆಲವು ವರ್ಷಗಳಿಂದ ಮೊಮ್ಮಕ್ಕಳ ಪಕ್ಕದಲ್ಲಿಯೇ ಕುಳಿತು ನೋಡಿ, ಕೆಲವನ್ನು ಮೆಚ್ಚಿ, ಕೆಲವನ್ನು ಹಳಿದು, ಒಂದು ಅಭಿಪ್ರಾಯಕ್ಕೆ ಬಂದಿರುತ್ತೇವೆ.

ಮಕ್ಕಳು ಈ ಯಂತ್ರಪುರುಷರನ್ನು ಭುಜದಿಂದ, ಕತ್ತಿಯಿಂದ, ರೆಕ್ಕೆಯಿಂದ ಅಳೆಯುತ್ತಾರೆ. ನಾವು ಕೇಳುವ ಪ್ರಶ್ನೆ ಬೇರೆ. ಇವನನ್ನು ನಡೆಸುವವನು ಎಲ್ಲಿ ಕುಳಿತಿದ್ದಾನೆ? ಕಠೋಪನಿಷತ್ತಿನಲ್ಲಿ ಶರೀರವನ್ನು ರಥಕ್ಕೂ ಬುದ್ಧಿಯನ್ನು ಸಾರಥಿಗೂ ಹೋಲಿಸಿರುವುದನ್ನು ವಾಚಕರು ಬಲ್ಲರು. ಜಪಾನಿನ ಚಿತ್ರಕಾರರು ಆ ಹೋಲಿಕೆಯನ್ನು ತಿರುಗಿಸಿ, ರಥಕ್ಕೇ ಕೈಕಾಲು ತಲೆಗಳನ್ನು ಕೊಟ್ಟು ಶರೀರವನ್ನಾಗಿ ಮಾಡಿದರು. ಹಾಗೆ ಮಾಡಿದ ಮೇಲೆ ಸಾರಥಿಯನ್ನು ಎಲ್ಲಿ ಕೂರಿಸಬೇಕೆಂಬುದು ಬರಿಯ ಅಲಂಕಾರದ ಮಾತಾಗಿ ಉಳಿಯುವುದಿಲ್ಲ. ಅದಕ್ಕೂ ಹೆಚ್ಚಾಗಿ, ಈ ಕಥೆಗಳಲ್ಲಿ ಯಂತ್ರವನ್ನು ನಿರ್ಮಿಸಿದವನು ಬಹುಮಟ್ಟಿಗೆ ತಂದೆ ಅಥವಾ ಅಜ್ಜ, ನಡೆಸತಕ್ಕವನು ಹುಡುಗ. ಆದಕಾರಣ ಇದು ದಾಯಭಾಗದ ಪ್ರಶ್ನೆಯೂ ಹೌದು. ಹಿರಿಯರು ಮಾಡಿಟ್ಟದ್ದನ್ನು ಮಕ್ಕಳ ಕೈಗೆ ಹೇಗೆ ಒಪ್ಪಿಸುತ್ತಾರೆ ಎಂಬುದು ಯಂತ್ರದ ರೂಪದಲ್ಲಿಯೇ ಕಾಣುತ್ತದೆ.

ಮೊದಲನೆಯವನು ತೆತ್ಸುಜಿನ್ 28, ಎಂದರೆ ಇಪ್ಪತ್ತೆಂಟನೆಯ ಉಕ್ಕಿನ ಮನುಷ್ಯ. 1956ನೆಯ ಇಸವಿಯಲ್ಲಿ ಮಿತ್ಸುತೆರು ಯೊಕೊಯಾಮಾ ಎಂಬ ಚಿತ್ರಕಾರರು ಬಾಲಕರ ಮಾಸಪತ್ರಿಕೆಯೊಂದರಲ್ಲಿ ಇವನ ಕಥೆಯನ್ನು ಆರಂಭಿಸಿದರು. 1963ರಲ್ಲಿ ಅದು ದೂರದರ್ಶನಕ್ಕೆ ಬಂದಿತು. ಮಹಾಯುದ್ಧದ ಕೊನೆಯಲ್ಲಿ ಸೈನ್ಯಕ್ಕಾಗಿ ಗುಟ್ಟಾಗಿ ಮಾಡಲ್ಪಟ್ಟ ಆಯುಧವಿದು. ಯುದ್ಧ ಮುಗಿದುಹೋದ ಬಳಿಕ ನಿರ್ಮಾಪಕನ ಮಗನಾದ ಶೋತಾರೋ ಎಂಬ ಚಿಕ್ಕ ಹುಡುಗನ ಪಾಲಿಗೆ ಬರುತ್ತದೆ. ಡೊಳ್ಳು ಹೊಟ್ಟೆ, ಮೊನಚು ಮೂಗು, ಯೂರೋಪಿನ ಹಳೆಯ ಕಾಲದ ಯೋಧನ ಶಿರಸ್ತ್ರಾಣದಂಥ ತಲೆ, ಭಾವವೇ ಇಲ್ಲದ ಕಣ್ಣುಗಳು. ಇವನೊಳಗೆ ಸಾರಥಿಗೆ ಸ್ಥಳವೇ ಇಲ್ಲ. ಹುಡುಗನು ಹೊರಗೆ ನಿಂತು ಒಂದು ರಿಮೋಟ್ ಪೆಟ್ಟಿಗೆಯಿಂದ ನಡೆಸುತ್ತಾನೆ. ಪೆಟ್ಟಿಗೆಯನ್ನು ಕಳ್ಳನು ಕಸಿದುಕೊಂಡರೆ ತೆತ್ಸುಜಿನ್ ಕಳ್ಳನ ಸೇವಕ. ಅವನಿಗೆ ಪಾಪಪುಣ್ಯಗಳ ಗೊಡವೆಯಿಲ್ಲ. ಕಥೆಯ ಅರ್ಧ ಭಾಗವು ಆ ಪೆಟ್ಟಿಗೆಗಾಗಿ ನಡೆಯುವ ಕಿತ್ತಾಟವೇ ಆಗಿದೆ. ಆ ಭಾವಶೂನ್ಯವಾದ ಮುಖವನ್ನು ಕಂಡು ಚಿತ್ರಕಾರನಿಗೆ ಮುಖ ಬರೆಯಲು ಬಾರದೆಂದು ಹೇಳುವವರುಂಟು. ನಮಗೆ ತೋರುವ ಮಟ್ಟಿಗೆ ಅದು ಬುದ್ಧಿಪೂರ್ವಕವಾದ ಕೆಲಸ, ಖಡ್ಗಕ್ಕೆ ಮುಖಭಾವವಿರುವುದುಂಟೇ?

ಯೊಕೊಯಾಮಾ ಅವರು ಕೋಬೆ ಪಟ್ಟಣದವರು. ಬಾಲ್ಯದಲ್ಲಿಯೇ ಬಾಂಬುಗಳಿಗೆ ಸುಟ್ಟ ಊರನ್ನು ಕಂಡವರು. ಅದೇ ಊರಿನ ನಗಾತಾ ಭಾಗವು 1995ರ ಜನವರಿ ತಿಂಗಳ ಭೂಕಂಪದಲ್ಲಿ ಮತ್ತೊಮ್ಮೆ ಬೆಂಕಿಗೆ ಆಹುತಿಯಾಯಿತು. 2009ರಲ್ಲಿ ಅಲ್ಲಿಯ ಉದ್ಯಾನವೊಂದರಲ್ಲಿ, ಊರು ಚೇತರಿಸಿಕೊಂಡುದರ ಗುರುತಾಗಿ, ಸುಮಾರು 15 ಮೀಟರ್ ಎತ್ತರದ ತೆತ್ಸುಜಿನ್ ಪ್ರತಿಮೆಯನ್ನು ನಿಲ್ಲಿಸಿದರು.

1972ರ ಕೊನೆಯಲ್ಲಿ ಬಂದ ಗೋ ನಗಾಯಿ ಅವರ ಮಾಝಿಂಗರ್ ಝಡ್‌ನಲ್ಲಿ ಹುಡುಗನು ಮೊದಲ ಸಲ ಯಂತ್ರದ ಒಳಗೆ ಹೊಕ್ಕನೆಂದು ಸಾಮಾನ್ಯವಾಗಿ ಹೇಳುವರು. ರಸ್ತೆಯಲ್ಲಿ ವಾಹನಗಳ ಸಂದಣಿಗೆ ಸಿಕ್ಕಿಕೊಂಡಿದ್ದಾಗ, ಕಾರಿಗೆ ಕಾಲು ಬಂದು ಎಲ್ಲವನ್ನೂ ದಾಟಿಕೊಂಡು ಹೋದರೆ ಹೇಗಿರುತ್ತದೆ ಎಂದು ಆಲೋಚಿಸಿದ್ದೇ ಇದಕ್ಕೆ ಮೂಲವೆಂದು ನಗಾಯಿ ಅವರೇ ತಿಳಿಸಿದ್ದಾರೆ. ಇಲ್ಲಿ ಅಜ್ಜನು ಯಂತ್ರವನ್ನು ಕಟ್ಟಿ, ಸಾಯುವ ಹೊತ್ತಿನಲ್ಲಿ ಮೊಮ್ಮಗನಿಗೆ ಒಪ್ಪಿಸುತ್ತಾನೆ. ಇದರಿಂದ ನೀನು ದೇವನೂ ಆಗಬಹುದು, ದೈತ್ಯನೂ ಆಗಬಹುದೆಂದು ಎಚ್ಚರಿಸುತ್ತಾನೆ. ಹುಡುಗನು ಒಂದು ಚಿಕ್ಕ ಹಾರುವ ಗಾಡಿಯಲ್ಲಿ ಬಂದು ಯಂತ್ರದ ನೆತ್ತಿಯ ಮೇಲೆ ಇಳಿದಾಗಲೇ ಅದರ ಕಣ್ಣು ಬೆಳಗುವುದು. ಆ ಮನೆತನದ ಹೆಸರು ಕಬುತೋ. ಜಪಾನೀ ಭಾಷೆಯಲ್ಲಿ ಅದಕ್ಕೆ ಶಿರಸ್ತ್ರಾಣವೆಂದೇ ಅರ್ಥ. ಹೆಸರೂ ಸ್ಥಾನವೂ ಒಂದಾಗಿರುವ ಈ ಚಮತ್ಕಾರವನ್ನು ಕಂಡು ನಮಗೆ ಬಹಳ ಸಂತೋಷವಾಯಿತು. ಎದೆಯ ಮೇಲಿನ ಕೆಂಪು ಫಲಕಗಳಿಂದ ಬೆಂಕಿ ಹೊರಡುತ್ತದೆ, ಮುಷ್ಟಿಯೇ ಬಾಣವಾಗಿ ಹಾರುತ್ತದೆ. ಪ್ರತಿಯೊಂದು ಆಯುಧವನ್ನೂ ಹೆಸರು ಹಿಡಿದು ಕೂಗಿಯೇ ಪ್ರಯೋಗಿಸುವುದನ್ನು ಕಂಡು ಮಕ್ಕಳ ತಾಯಂದಿರು ಕಿವಿ ಮುಚ್ಚಿಕೊಳ್ಳುತ್ತಾರೆ; ಅಸ್ತ್ರಮಂತ್ರಗಳ ಕಥೆಗಳನ್ನು ಕೇಳಿ ಬೆಳೆದ ನಮಗೆ ಅದು ಸಹಜವಾಗಿಯೇ ತೋರಿತು.

ಗಣಿತದ ಮಾತೊಂದನ್ನು ಇಲ್ಲಿ ಹೇಳದಿರಲಾರೆವು. ಮಾಝಿಂಗರನ ಎತ್ತರ 18 ಮೀಟರ್, ತೂಕ 20 ಟನ್ ಎಂದು ಗೊತ್ತುಮಾಡಿದ್ದಾರೆ. ಮನುಷ್ಯನ ಹತ್ತರಷ್ಟು ಎತ್ತರವಾಯಿತಷ್ಟೆ. ಎತ್ತರ, ಅಗಲ, ದಪ್ಪ ಮೂರೂ ಹತ್ತು ಪಾಲು ಹೆಚ್ಚಿದರೆ ತೂಕ ಸಾವಿರ ಪಾಲು ಹೆಚ್ಚಬೇಕು. 70 ಕಿಲೋ ತೂಗುವ ಮನುಷ್ಯನೇ ಹಾಗೆ ಬೆಳೆದರೆ 70 ಟನ್ ತೂಗುವನು. ಉಕ್ಕಿಗಿಂತ ಬಲವಾದ ಲೋಹದ ದೇಹವು ರಕ್ತಮಾಂಸದ ದೇಹಕ್ಕಿಂತ ಹಗುರವಾದುದು ಹೇಗೋ! ಅದೂ ಅಲ್ಲದೆ ತೂಕ ಸಾವಿರ ಪಾಲಾದಾಗ ಕಾಲಿನ ಅಡ್ಡಳತೆಯ ವಿಸ್ತಾರ ನೂರು ಪಾಲು ಮಾತ್ರ ಆಗುವುದರಿಂದ, ನಿಂತ ಕಡೆಯೇ ಕುಸಿಯುವ ಭಯ. ಈ ಲೆಕ್ಕವನ್ನು ಮೊಮ್ಮಗನಿಗೆ ಹೇಳಿದೆವು. ಅವನು ಕೇಳಿಸಿಕೊಂಡು, "ತಾತಾ, ಹನುಮಂತ ಸಮುದ್ರ ಹಾರುವಾಗ ಈ ಲೆಕ್ಕ ಮಾಡಿದ್ದಿರಾ?" ಎಂದನು.

ಇನ್ನು ಗುಂಡಮ್. 1979ನೆಯ ಏಪ್ರಿಲಿನಲ್ಲಿ ಆರಂಭವಾದ ಈ ಮಾಲಿಕೆಯ ನಿರ್ದೇಶಕರು ಯೊಶಿಯುಕಿ ತೊಮಿನೋ. ಯಂತ್ರಗಳ ರೂಪವನ್ನು ಕೊಟ್ಟವರು ಕುನಿಯೋ ಓಕಾವರಾ. ನೋಡುವವರು ಸಾಲದೆ 43 ಕಂತುಗಳಿಗೇ ನಿಂತುಹೋಗಿ, ಮುಂದೆ ಪ್ಲಾಸ್ಟಿಕ್ ಮಾದರಿಗಳಿಂದಲೂ ಮರುಪ್ರಸಾರದಿಂದಲೂ ಮನೆಮಾತಾಯಿತು. ಗುಂಡಮ್ಮಿನ ಬಿಳಿಯ ಮೈಗೆ ನೀಲಿ, ಕೆಂಪು, ಹಳದಿ ಬಣ್ಣಗಳು ಬಂದದ್ದು ಆಟಿಕೆ ಮಾರುವವರ ಒತ್ತಾಯದಿಂದ. ಈ ಬಣ್ಣಗಳು ನಮಗೆ ಹಿಡಿಸಲಿಲ್ಲ. ಜಾತ್ರೆಯ ಅಂಗಡಿಯ ನೆನಪಾಗುತ್ತದೆ. ಶತ್ರುಪಕ್ಷದ ಝಾಕು ಎಂಬ ಯಂತ್ರವೇ ರೂಪದಲ್ಲಿ ಮೇಲು. ಮಂಕಾದ ಹಸಿರು ಮೈ, ಮೈಮೇಲೆ ಹರಿದ ದಪ್ಪ ಕೊಳವೆಗಳು, ಮುಖದ ಸೀಳಿನಲ್ಲಿ ಅತ್ತಿತ್ತ ಸರಿಯುವ ಒಂದೇ ಕಣ್ಣು. ಅದನ್ನು ಕಂಡ ಕೂಡಲೇ ಇದು ಕಾರ್ಖಾನೆಯಲ್ಲಿ ಸಾಲುಸಾಲಾಗಿ ತಯಾರಾದದ್ದು, ಒಳಗಿರುವವನು ಯಾರೋ ಒಬ್ಬ ಸಾಮಾನ್ಯ ಸಿಪಾಯಿ, ಇವನು ಸತ್ತರೆ ಇನ್ನೊಬ್ಬನು ಬರುವನು ಎಂಬುದು ಮನಸ್ಸಿಗೆ ತಟ್ಟುತ್ತದೆ. ಯುದ್ಧವೆಂದರೇನು ಎಂಬುದನ್ನು ಆ ಒಂಟಿಕಣ್ಣು ಹೇಳುವಷ್ಟು ಸ್ಪಷ್ಟವಾಗಿ ನಾಯಕನ ಯಂತ್ರವು ಹೇಳಲಾರದು.

ಆದರೆ ಸಾರಥಿಯ ಸ್ಥಾನದಲ್ಲಿ ಗುಂಡಮ್ಮಿಗೇ ಮೊದಲ ಮರ್ಯಾದೆ ಸಲ್ಲಬೇಕು. ಹದಿನೈದು ವರ್ಷದ ಅಮುರೋ ಕುಳಿತುಕೊಳ್ಳುವುದು ಯಂತ್ರದ ಹೊಟ್ಟೆಯಲ್ಲಿ. ಆ ಹೊಟ್ಟೆಯೇ ಬೇರ್ಪಟ್ಟು ಪುಟ್ಟ ವಿಮಾನವಾಗಿ ಹಾರಬಲ್ಲದು. ಕಡೆಯ ಕಾಳಗದಲ್ಲಿ ತಲೆ ಹಾರಿಹೋದಾಗ ಹುಡುಗನು ಧೃತಿಗೆಡುವುದಿಲ್ಲ. ಹೋದದ್ದು ನೋಡುವ ಕ್ಯಾಮೆರಾ ಮಾತ್ರವೆಂದು ಮುಂದುವರಿಯುತ್ತಾನೆ. ತಲೆಯಿಲ್ಲದ, ಒಂದು ತೋಳಿಲ್ಲದ ಯಂತ್ರವು ಉಳಿದ ಕೈಯಿಂದ ಬಂದೂಕನ್ನು ಮೇಲಕ್ಕೆತ್ತಿ ನಿಂತ ಚಿತ್ರವನ್ನು ಜಪಾನಿನ ಮಕ್ಕಳು ಮರೆತಿಲ್ಲ. ಮಾಝಿಂಗರನ ಕಥೆಯಲ್ಲಿ ಇದು ಆಗದ ಮಾತು. ಅಲ್ಲಿ ತಲೆ ಹೋದರೆ ಹುಡುಗನೂ ಹೋದನು. ಇಲ್ಲಿಯ ಯಂತ್ರವು ಉಪಕರಣ; ಹುಡುಗನು ಅದನ್ನು ಬಿಟ್ಟು ಹೊರಬರಬೇಕಾದವನು, ಬರುತ್ತಾನೆ ಕೂಡ.

ಈ ಯಂತ್ರವನ್ನು ರೂಪಿಸಿದ ಇಂಜಿನಿಯರು ಹುಡುಗನ ತಂದೆಯೇ. ಮೊದಲ ದಿನ ಹುಡುಗನು ಅದನ್ನು ನಡೆಸುವುದು ಕೈಪಿಡಿಯನ್ನು ಓದಿಕೊಂಡು. ಉಪಾಧ್ಯಾಯನಾದವನಿಗೆ ಇದಕ್ಕಿಂತ ಹಿತವಾದ ದೃಶ್ಯ ಬೇರೆ ಬೇಕೆ? ಆದರೆ ಮುಂದೆ ಒಂದು ಕಂತು ಬರುತ್ತದೆ. ಪ್ರಾಣವಾಯು ಸಾಲದೆ ಬುದ್ಧಿ ಕೆಟ್ಟ ತಂದೆಯು ಮಗನನ್ನು ಕಂಡು, ಇದನ್ನು ಜೋಡಿಸಿಕೊ, ಯಂತ್ರದ ಬಲ ಹೆಚ್ಚುವುದೆಂದು ಅತ್ಯುತ್ಸಾಹದಿಂದ ಒಂದು ಬಿಡಿಭಾಗವನ್ನು ಕೊಡುತ್ತಾನೆ. ಅದು ಎಂದೋ ಹಳತಾಗಿ ಕೆಲಸಕ್ಕೆ ಬಾರದ್ದೆಂದು ಮಗನು ನೋಡಿದ ಕೂಡಲೇ ತಿಳಿಯುತ್ತಾನೆ. ತಂದೆಯ ಎದುರಿಗೆ ಏನನ್ನೂ ಹೇಳದೆ ತೆಗೆದುಕೊಂಡು, ಹೊರಗೆ ಬಂದು ನೆಲಕ್ಕೆ ಬಿಸುಡುತ್ತಾನೆ. ಇದನ್ನು ನೋಡಿದಾಗ ಪಕ್ಕದಲ್ಲಿದ್ದ ಹುಡುಗರು ಕಾಳಗ ಯಾವಾಗ ಬರುವುದೆಂದು ಕಾಯುತ್ತಿದ್ದರು. ಮೂವತ್ತು ವರ್ಷ ಒಂದೇ ಪಾಠವನ್ನು ಹೇಳಿ ನಿವೃತ್ತರಾದ ನಾವು ಸ್ವಲ್ಪ ಹೊತ್ತು ಮಾತನಾಡಲಿಲ್ಲ.

1995ರ ಅಕ್ಟೋಬರಿನಿಂದ 26 ಕಂತುಗಳಾಗಿ ಬಂದ ಹಿದೆಯಾಕಿ ಅನ್ನೋ ಅವರ ಇವಾಂಗೆಲಿಯನ್ನಿನ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ನೇರಳೆ ಬಣ್ಣದ, ಬಡಕಲು ಸೊಂಟದ, ಬಾಗಿದ ಬೆನ್ನಿನ ಈ ಆಕೃತಿಯನ್ನು ಇಕುತೋ ಯಮಾಶಿತಾ ಅವರು ಬರೆದರು. ಬೆನ್ನಿಗೆ ಹೊಕ್ಕುಳಬಳ್ಳಿಯಂತೆ ವಿದ್ಯುತ್ತಿನ ತಂತಿ. ಅದು ಕಡಿದರೆ ಐದು ನಿಮಿಷ ಮಾತ್ರ ಚೇತನ. ಹದಿನಾಲ್ಕು ವರ್ಷದ ಹುಡುಗನನ್ನು ಒಂದು ಕೊಳವೆಯೊಳಗೆ ಹಾಕಿ, ಆ ಕೊಳವೆಯನ್ನು ಯಂತ್ರದ ಕತ್ತಿನ ಹಿಂಭಾಗದಲ್ಲಿ, ಬೆನ್ನೆಲುಬಿನ ಮೊದಲಿಗೆ ತೂರಿಸುತ್ತಾರೆ. ನಾವು ಕವಚವೆಂದು ತಿಳಿದದ್ದು ಕವಚವಲ್ಲ, ಒಳಗಿರುವ ಜೀವವನ್ನು ಬಿಗಿದಿಟ್ಟ ಸಂಕೋಲೆ. ಆ ಜೀವದೊಂದಿಗೆ ಬೆರೆತಿರುವವಳು ಹುಡುಗನ ತಾಯಿ. ಎಷ್ಟೋ ಕಾಲ ಮಗನ ಮುಖ ನೋಡದೆ, ಕೆಲಸ ಬಿದ್ದಾಗ ಕರೆಸಿ, ಏರು ಎಂದು ಆಜ್ಞಾಪಿಸುವವನು ತಂದೆ. ರೂಪಕಲ್ಪನೆಯಲ್ಲಿ ಇದರಷ್ಟು ಗಟ್ಟಿಯಾದುದು ಮತ್ತೊಂದಿಲ್ಲವೆಂದು ಒಪ್ಪುತ್ತೇವೆ. ಆದರೆ ಹದಿನೈದು ಹದಿನಾರು ತುಂಬದ ಮಕ್ಕಳಿಗೆ ಇದನ್ನು ತೋರಿಸಕೂಡದು. ತೋರಿಸುವುದಾದರೆ ತಂದೆಯಾದವನು ಪಕ್ಕದಲ್ಲಿರಬೇಕು. ಇದನ್ನು ನೋಡಬೇಕಾದವನು ಮಗನಿಗಿಂತಲೂ ಅವನೇ.

ರೂಪಾಂತರ ಹೊಂದುವ ಯಂತ್ರಗಳ ಮೇಲೆ ಮಕ್ಕಳಿಗೆ ಬಹಳ ಪ್ರೀತಿ. 1982ರ ಮಾಕ್ರಾಸ್ ಮಾಲಿಕೆಗೆ ಶೋಜಿ ಕಾವಾಮೋರಿ ಅವರು ರೂಪಿಸಿದ ವಾಲ್ಕಿರಿ ಒಂದನ್ನೇ ನಾವು ಒಪ್ಪುತ್ತೇವೆ. ವಿಮಾನದ ಇಂಜಿನುಗಳೇ ಕಾಲುಗಳಾಗುವುವು, ಹೊಗೆಬಾಯಿಗಳೇ ಪಾದಗಳಾಗುವುವು. ಸಂಧಿಕಾರ್ಯವೆಂದರೆ ಹೀಗಿರಬೇಕು, ಬಿಡಿಸಿದರೆ ಪೂರ್ವರೂಪವು ಮರಳಿ ದೊರೆಯಬೇಕು. ಉಳಿದ ಅನೇಕ ಯಂತ್ರಗಳಲ್ಲಿ ಎಲ್ಲಿಂದಲೋ ಕೈ ಬರುತ್ತದೆ, ಎಲ್ಲಿಗೋ ಚಕ್ರ ಹೋಗುತ್ತದೆ.

ಅದೇ ಕಾವಾಮೋರಿ ಅವರು 1997ರಲ್ಲಿ ಬಂದ ಆರ್ಮರ್ಡ್ ಕೋರ್ ಎಂಬ ಗೇಮಿಗೂ ಯಂತ್ರಗಳನ್ನು ಚಿತ್ರಿಸಿದರು. ಇದರಲ್ಲಿ ಸಿದ್ಧವಾದ ನಾಯಕಯಂತ್ರವಿಲ್ಲ. ತಲೆ, ಎದೆ, ತೋಳು, ಕಾಲುಗಳನ್ನು ಒಂದೊಂದಾಗಿ ಹಣ ಕೊಟ್ಟು ಕೊಂಡು ಆಟಗಾರನೇ ಜೋಡಿಸಬೇಕು. ಕಾಲು ಹೊರುವಷ್ಟೇ ಭಾರವನ್ನು ಮೇಲೆ ಹೊರಿಸಬೇಕು. ಕಾರ್ಯ ಮುಗಿದ ಮೇಲೆ ಸಂಬಳ ಬರುವುದು. ಅದರಲ್ಲಿ ಮದ್ದುಗುಂಡಿನ ಖರ್ಚೂ ದುರಸ್ತಿಯ ಖರ್ಚೂ ಮುರಿದುಕೊಳ್ಳಲ್ಪಡುವುದು. ಗೆದ್ದರೂ ನಷ್ಟವಾಗಬಹುದು. ಆಯವ್ಯಯದ ಪಟ್ಟಿಯೊಡನೆ ಬರುವ ಯಂತ್ರಪುರುಷನನ್ನು ನಾವು ಇಲ್ಲಿ ಮಾತ್ರ ಕಂಡೆವು. ಸಾಲವು ಮಿತಿಮೀರಿದರೆ ಸಾರಥಿಯ ಶರೀರವನ್ನೇ ಶಸ್ತ್ರಚಿಕಿತ್ಸೆಯಿಂದ ಮಾರ್ಪಡಿಸಿಬಿಡುತ್ತಾರೆ. ಮನೆಯ ಹುಡುಗರು ಇದನ್ನು ಲಾಭವೆಂದು ಎಣಿಸಿ ಬೇಕೆಂದೇ ಸಾಲ ಮಾಡುತ್ತಿದ್ದರು. ಆ ವಿಷಯದಲ್ಲಿ ಅವರೊಡನೆ ನಾವು ಮಾತನಾಡಬೇಕಾಯಿತು.

ನಮಗೆ ಎಲ್ಲಕ್ಕಿಂತ ಪ್ರಿಯವಾದ ಯಂತ್ರವು ಯಾವುದೆಂದು ಕೇಳಿದರೆ, 1988ರಲ್ಲಿ ಆರಂಭವಾದ ಪ್ಯಾಟ್ಲೇಬರ್ ಮಾಲಿಕೆಯ ಇಂಗ್ರಾಮ್ ಎಂದು ಹೇಳುವೆವು. ರೂಪ ಕೊಟ್ಟವರು ಯುತಾಕಾ ಇಝುಬುಚಿ. ಎತ್ತರ ಸುಮಾರು 8 ಮೀಟರ್ ಮಾತ್ರ. ತೋಕಿಯೋ ಪೊಲೀಸರ ಕಪ್ಪುಬಿಳುಪಿನ ಮೈ, ಭುಜಗಳ ಮೇಲೆ ಕೆಂಪು ದೀಪ, ತಲೆಯ ಮೇಲೆ ಮೊಲದ ಕಿವಿಗಳಂತೆ ಎರಡು ಕಡ್ಡಿಗಳು. ಲಾರಿಯ ಮೇಲೆ ಮಲಗಿಸಿ ಸ್ಥಳಕ್ಕೆ ಕೊಂಡೊಯ್ಯುತ್ತಾರೆ. ಭೋಜರಾಜನ ಹೆಸರಿನಲ್ಲಿರುವ, ಹನ್ನೊಂದನೆಯ ಶತಮಾನದ ಸಮರಾಂಗಣಸೂತ್ರಧಾರದ ಯಂತ್ರಾಧ್ಯಾಯದಲ್ಲಿ ಬಾಗಿಲು ಕಾಯುವ ಮರದ ಯಂತ್ರಪುರುಷರ ಮಾತು ಬರುತ್ತದೆ. ಯಂತ್ರದ ಗುಣಗಳಲ್ಲಿ ಸಂಧಿಗಳ ಬಿಗಿಯಾದ ಹೊಂದಿಕೆಯನ್ನೂ ಎಣಿಸಿದ್ದಾರೆ. ಇಂಗ್ರಾಮಿನ ಮೊಣಕಾಲು ಮೊಣಕೈಗಳಿಗೆ ದೂಳು ಹೋಗದಂತೆ ಹೊದಿಕೆ ಹೊದಿಸಿರುವುದನ್ನು ಕಂಡಾಗ ಭೋಜನು ಮೆಚ್ಚುತ್ತಿದ್ದನೆಂದು ನಮಗೆ ತೋರಿತು. ಇದನ್ನು ಯಾರ ತಂದೆಯೂ ಕೊಟ್ಟದ್ದಲ್ಲ. ಸರಕಾರವು ಹಣ ಕೊಟ್ಟು ಕೊಂಡದ್ದು. ನೋವಾ ಎಂಬ ತರುಣಿ ಎದೆಗೂಡಿನಲ್ಲಿ ಕುಳಿತು ನಡೆಸುತ್ತಾಳೆ. ಬೇಕೆಂದಾಗ ಮುಚ್ಚಳ ತೆರೆದು ತಲೆ ಹೊರಗಿಟ್ಟು ತನ್ನ ಕಣ್ಣಿನಿಂದಲೇ ನೋಡುತ್ತಾಳೆ. ತಾನು ಹಿಂದೆ ಸಾಕಿದ್ದ ನಾಯಿಯ ಹೆಸರನ್ನೇ ಅದಕ್ಕೆ ಇಟ್ಟಿದ್ದಾಳೆ. ಗೀರು ಬಿದ್ದರೆ ಅವಳಿಗೆ ಅಳು ಬರುತ್ತದೆ, ದುರಸ್ತಿಯ ಕೆಲಸಗಾರರಿಗೆ ಸಿಟ್ಟು ಬರುತ್ತದೆ. ಹತ್ತು ವರ್ಷದ ಮಕ್ಕಳಿಂದ ಹಿಡಿದು ಅಜ್ಜಿಯವರೆಗೆ ಎಲ್ಲರೂ ಕುಳಿತು ಬಹುಪಾಲನ್ನು ನೋಡಬಹುದು.

ಮತ್ತೂ ಚಿಕ್ಕ ಮಕ್ಕಳಿರುವ ಮನೆಯವರು 1986ರಲ್ಲಿ ಹಯಾವೊ ಮಿಯಾಝಾಕಿ ಅವರು ತೆಗೆದ ಲಾಪುತಾ ಎಂಬ ಚಲಚ್ಚಿತ್ರವನ್ನು ತರಿಸಿಕೊಳ್ಳಲಿ. ಆಕಾಶದಲ್ಲಿ ತೇಲುವ ಹಾಳೂರಿನ ತೋಟದಲ್ಲಿ ನೀಳತೋಳಿನ ಯಂತ್ರಪುರುಷನೊಬ್ಬನು ಉಳಿದಿದ್ದಾನೆ. ಅವನು ಉಳಿದವರಷ್ಟು ಎತ್ತರದವನಲ್ಲ. ಸಾರಥಿಗೆ ಅವನಲ್ಲಿ ಪೀಠವಿಲ್ಲ, ಕೈಯಲ್ಲಿ ಪೆಟ್ಟಿಗೆ ಹಿಡಿದವನೂ ಇಲ್ಲ. ಮೈಮೇಲೆ ಹಾವಸೆ ಬೆಳೆದಿದೆ, ಹೆಗಲ ಮೇಲೆ ಪುಟ್ಟ ಪ್ರಾಣಿಗಳು ಓಡಾಡುತ್ತವೆ. ಮಕ್ಕಳು ಹಾರಿಬಂದ ಗಾಳಿಗಾಡಿ ಹಕ್ಕಿಯ ಗೂಡಿನ ಮೇಲೆ ಬಿದ್ದಿರುವುದನ್ನು ಕಂಡು, ಅದನ್ನು ಮೆಲ್ಲನೆ ಎತ್ತಿ ಬದಿಗಿಟ್ಟು, ಮೊಟ್ಟೆಗಳು ಒಡೆದಿಲ್ಲವೆಂದು ನೋಡಿಕೊಂಡು ತನ್ನ ಕೆಲಸಕ್ಕೆ ಹೋಗುತ್ತಾನೆ.