ಹೊಂದಿಕೊಳ್ಳಬೇಕಾದವರು ಯಾರು?

ವಿಶ್ವವಿದ್ಯಾಲಯಗಳು ಬಾಗಿಲು ತೆರೆದಾಗಲೆಲ್ಲ ಹೊಸಬರಿಗೆ ಒಂದೇ ಉಪದೇಶ: ‘ಹೊಸ ಜಾಗ, ಸ್ವಲ್ಪ ಹೊಂದ್ಕೊಂಡು ಹೋಗ್ರಪ್ಪ.’ ಯಾವುದಕ್ಕೆ ಹೊಂದಿಕೊಳ್ಳಬೇಕು ಅನ್ನೋದನ್ನ ಮಾತ್ರ ಯಾರೂ ಬಾಯಿಬಿಡುವುದಿಲ್ಲ.

ಅವ್ವಂದಿರ ಕೂಲಿ ದುಡ್ಡಲ್ಲಿ ಬಸ್ಸು ಹತ್ತಿ ಬಂದವರು ನಾವು. ನಮ್ಮ ಕೇರಿಗಳಿಂದ ಈ ಮೆಟ್ಟಿಲು ತುಳಿದ ಮೊದಲ ಕಾಲು ನಮ್ಮದು. ಹತ್ತು ಹನ್ನೆರಡು ವರ್ಷ ಕನ್ನಡದಲ್ಲಿ ಓದಿದವರ ಮುಂದೆ ಮೊದಲ ದಿನವೇ ಇಂಗ್ಲಿಷ್ ಸುರಿಯುತ್ತಾರೆ. ಅರ್ಥವಾಗಲಿಲ್ಲ ಎಂದರೆ ದಡ್ಡರ ಪಟ್ಟಿಗೆ ಸೇರಿಸುತ್ತಾರೆ. ಹಾಸ್ಟೆಲಿನಲ್ಲಿ ‘ನಿಂದು ಎಷ್ಟನೇ ರ‍್ಯಾಂಕು?’ ಅಂತಾರೆ. ಅದು ಜಾತಿ ಕೇಳುವ ನಯವಾದ ದಾರಿ. ಫೀಜಿನ ಗಡುವು ತಪ್ಪದೆ ಬರುತ್ತದೆ, ಸ್ಕಾಲರ್‌ಶಿಪ್ಪು ಬರುವಾಗ ವರ್ಷವೇ ಮುಗಿದಿರುತ್ತದೆ. ಇದಕ್ಕೆಲ್ಲ ಹೊಂದಿಕೊಂಡವನು ಜಾಣನೋ, ಸೋತವನೋ?

ಇದು ನಮ್ಮ ಗೊಣಗಾಟವಲ್ಲ. ದಿಲ್ಲಿಯ ಏಮ್ಸ್‌ನಲ್ಲಿ ವಿಚಾರಣೆ ನಡೆಸಿದ ಥೋರಟ್ ಸಮಿತಿ 2007ರಲ್ಲೇ ಬರೆದಿಟ್ಟಿದೆ: ಹಾಸ್ಟೆಲಿನಲ್ಲಿ, ಊಟದ ಕೋಣೆಯಲ್ಲಿ, ಮೌಖಿಕ ಪರೀಕ್ಷೆಯಲ್ಲಿ ದಲಿತ, ಆದಿವಾಸಿ ಮಕ್ಕಳಿಗೆ ತಾರತಮ್ಯ. ವೈದ್ಯರು ತಯಾರಾಗುವ ಜಾಗದಲ್ಲೇ ಈ ರೋಗ! ಪ್ರತಿ ಸಂಸ್ಥೆಯಲ್ಲೂ ಸಮಾನ ಅವಕಾಶ ಕೋಶ ಇರಬೇಕು, ದೂರು ಕೇಳುವ ಅಧಿಕಾರಿ ಇರಬೇಕು ಎಂದು 2012ರಲ್ಲಿ ಯುಜಿಸಿ ನಿಯಮ ಮಾಡಿತು. ಎಷ್ಟೋ ಕಡೆ ಅದು ಕಾಗದವಾಗಿಯೇ ಉಳಿಯಿತು. ಫೆಲೋಶಿಪ್ ನಿಂತು, ಹಾಸ್ಟೆಲಿನಿಂದ ಹೊರದೂಡಲ್ಪಟ್ಟ ರೋಹಿತ್ ವೇಮುಲ 2016ರ ಜನವರಿ 17ರಂದು ಹೈದರಾಬಾದಿನಲ್ಲಿ ಇಲ್ಲವಾದ. 2019ರ ಮೇ ತಿಂಗಳಲ್ಲಿ ಮುಂಬೈಯ ಆದಿವಾಸಿ ಡಾಕ್ಟರ್ ಪಾಯಲ್ ತಡ್ವಿ ಇಲ್ಲವಾದಳು. ಆ ನಿಯಮಗಳನ್ನು ಜಾರಿ ಮಾಡಿ ಎಂದು ಅದೇ ವರ್ಷ ಇಬ್ಬರ ತಾಯಂದಿರೂ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ಈ ವಿದ್ವಾಂಸರಿಗೆ ಪಾಠ ಹೇಳಲು ಮಕ್ಕಳನ್ನು ಕಳಕೊಂಡ ತಾಯಂದಿರೇ ಬರಬೇಕಾಯಿತು.

ಹಾಗಂತ ಕೋರ್ಟಿನ ಕಡೆ ನೋಡುತ್ತ ಕೂರುವುದು ಬೇಡ. ಗೆಳೆಯರೆ, ಪ್ರವೇಶದ ದಿನ ಗೇಟಿನ ಹತ್ತಿರ ನಿಲ್ಲೋಣ. ಜಾತಿ, ಆದಾಯದ ಸರ್ಟಿಫಿಕೇಟು ಹಿಡಿದು ಕಂಗಾಲಾದ ಹುಡುಗಿಯ ಜೊತೆ ಕೂತು ಅರ್ಜಿ ತುಂಬೋಣ. ರಾತ್ರಿ ಒಂದೇ ಕೋಣೆಯಲ್ಲಿ ಕೂತು ಇಂಗ್ಲಿಷ್ ಪುಸ್ತಕವನ್ನು ನಮ್ಮ ಮಾತಿನಲ್ಲಿ ಬಿಡಿಸಿಕೊಳ್ಳೋಣ. ಒಬ್ಬರಿಗೆ ಅವಮಾನವಾದರೆ ದಿನಾಂಕ ಹಾಕಿ ಬರೆದು, ಹತ್ತು ಜನ ಸಹಿ ಮಾಡಿ ದೂರು ಕೊಡೋಣ. ಹಳ್ಳಿಯ ಮೇಷ್ಟ್ರೇ, ನೀವು ಓದಿಸಿ ಕಳಿಸಿದ ಮಕ್ಕಳಿಗೆ ಮೊದಲ ತಿಂಗಳು ಒಂದು ಫೋನು ಮಾಡಿ. ‘ಉಂಡ್ಯಾ?’ ಅಂತ ಕೇಳಿದರೂ ಸಾಕು, ಬೆನ್ನಿಗೆ ಬಲ.

ಹೊಸಬರೆ, ತಲೆ ತಗ್ಗಿಸಿ ಬರಬೇಡಿ. ಈ ಕಟ್ಟಡಗಳಿಗೆ ಕಲ್ಲು ಹೊತ್ತ ಬೆನ್ನು ನಮ್ಮವರದು. ತಲೆತಲಾಂತರದಿಂದ ಹೊಂದಿಕೊಂಡವರು ನಾವು. ಈಗ ಸರದಿ ವಿಶ್ವವಿದ್ಯಾಲಯದ್ದು.