ಬೆಂಚಿನ ಮೇಲೆ ಯಾರು ಕುಳಿತಿದ್ದರು?

ಕಳೆದ ದೀಪಾವಳಿಗೆ ಊರಿಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನನ್ನನ್ನೂ ನನ್ನ ಇಬ್ಬರು ನಿವೃತ್ತ ಗೆಳೆಯರನ್ನೂ ಬಾಡಿಗೆ ಕಾರಿನಲ್ಲಿ ಕೂರಿಸಿಕೊಂಡು, ಹೆದ್ದಾರಿಯ ಬದಿಯ ಹೊಸ ಹೋಟೆಲೊಂದಕ್ಕೆ ಊಟಕ್ಕೆ ಕರೆದೊಯ್ದ. ‘ಹಳ್ಳಿಯ ಊಟ’ ಎಂಬುದೇ ಆ ಹೋಟೆಲಿನ ಹೆಗ್ಗಳಿಕೆ. ಗೋಡೆಗೆ ಬಂಡಿಯ ಗಾಲಿಯನ್ನು ತೂಗುಹಾಕಿದ್ದರು. ಮೂಲೆಯಲ್ಲಿ ಬೀಸುವ ಕಲ್ಲು, ಕುಂಟೆ, ಕಂದೀಲು. ಬಡಿಸುವ ಹುಡುಗರಿಗೆ ಧೋತರ ಉಡಿಸಿ ರುಮಾಲು ಸುತ್ತಿದ್ದರು. ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಗಟ್ಟಿ ಮೊಸರು ಎಲ್ಲವೂ ಇದ್ದವು, ರುಚಿಯೂ ಚೆನ್ನಾಗಿತ್ತು. ಗೋಡೆಯ ಮೇಲಿನ ಗಾಲಿಯನ್ನು ನೋಡಿ ನನ್ನ ಗೆಳೆಯರೊಬ್ಬರು, ‘ನಮ್ಮ ಹಿತ್ತಲದಾಗ ಇಂಥಾ ನಾಕು ಬಿದ್ದಾವ, ಮಾರಿದ್ರ ಊಟದ ಬಿಲ್ಲು ಬರ್ತದ ನೋಡು’ ಎಂದು ನಗಿಸಿದರು.

ಊಟದ ನಡುವೆ ವಿದ್ಯಾರ್ಥಿ ಕೇಳಿದ: ‘ಸರ್, ನಿಮ್ಮ ಕಾಲ್ದಾಗ ಹೋಟೆಲ್ ಹಿಂಗೇ ಇದ್ವೇನ್ರಿ?’

‘ಹೌದಪಾ, ಹೆಚ್ಚುಕಡಿಮಿ ಹಿಂಗೇ’ ಎಂದೆ.

ಮನೆಗೆ ಬಂದ ಮೇಲೆ ಆ ಉತ್ತರ ನನ್ನನ್ನು ಬಾಧಿಸತೊಡಗಿತು. ಅದು ಸುಳ್ಳಾಗಿತ್ತು. ನಲವತ್ತು ವರ್ಷ ಮಕ್ಕಳ ಉತ್ತರಗಳನ್ನು ತಿದ್ದಿದವನು ತನ್ನ ಒಂದು ಉತ್ತರವನ್ನು ತಿದ್ದಿಕೊಳ್ಳದಿದ್ದರೆ ಹೇಗೆ? ಈ ಬರಹ ಆ ತಿದ್ದುಪಡಿ.

ಮೊದಲು ಹೋಟೆಲಿನ ಒಳ್ಳೆಯ ಮಾತನ್ನೇ ಆಡುತ್ತೇನೆ. ನಾನು ಶಿರವಾಳದಿಂದ ಹೈಸ್ಕೂಲಿಗೆಂದು ಶಹಾಪುರಕ್ಕೆ ಹೋಗಿ ಬಾಡಿಗೆ ಕೋಣೆಯಲ್ಲಿ ಇದ್ದದ್ದು 1960ರ ದಶಕದ ನಡುವಿನಲ್ಲಿ. ನಮ್ಮ ಊರಿನಲ್ಲಿ ಹಳೆಯ ಕಾಲದ ಕಲ್ಲಿನ ಗುಡಿಗಳಿಗೆ ಕೊರತೆಯಿರಲಿಲ್ಲ. ಹೋಟೆಲು ಮಾತ್ರ ಇರಲಿಲ್ಲ. ಹೊರಗೆ ತಿನ್ನುವುದೆಂದರೆ ಮನೆಯಲ್ಲಿ ಅನ್ನವಿಲ್ಲದವರ ಕೆಲಸ ಎಂಬ ಭಾವನೆ ಹಿರಿಯರಲ್ಲಿತ್ತು. ನನ್ನ ತಾಯಿ ವಾರಕ್ಕೊಮ್ಮೆ ಬಟ್ಟೆಯಲ್ಲಿ ಕಟ್ಟಿ ಕಳುಹಿಸುತ್ತಿದ್ದ ಕಡಕ್ ರೊಟ್ಟಿ ಮುಗಿದ ದಿನ ಖಾನಾವಳಿಯೇ ಗತಿ.

ಖಾನಾವಳಿ ಎಂಬುದು ದಕ್ಷಿಣದ ಓದುಗರಿಗೆ ಅಷ್ಟು ಪರಿಚಿತವಲ್ಲದ ಸಂಸ್ಥೆ. ಅದು ಹೋಟೆಲೂ ಅಲ್ಲ, ಮನೆಯೂ ಅಲ್ಲ. ಒಂದು ಕುಟುಂಬ ತನ್ನ ಪಡಸಾಲೆಯಲ್ಲೇ ಮಣೆ ಹಾಕಿ ಬಡಿಸುತ್ತದೆ. ಒಳಗೆ ರೊಟ್ಟಿ ಬಡಿಯುವ ಸಪ್ಪಳ, ಹೊರಗೆ ಉಣ್ಣುವವರ ಸಾಲು. ಪಲ್ಯ ಇಂದು ಏನೆಂದು ಕೇಳುವ ಹಾಗಿಲ್ಲ, ಇದ್ದದ್ದನ್ನು ಉಣ್ಣಬೇಕು. ಬೋರ್ಡುಗಳ ಮೇಲೆ ‘ಲಿಂಗಾಯತ ಖಾನಾವಳಿ’, ‘ಬ್ರಾಹ್ಮಣರ ಫಲಾಹಾರ ಮಂದಿರ’ ಎಂದು ಬರೆದಿರುತ್ತಿತ್ತು. ಹುಬ್ಬಳ್ಳಿ–ಗದಗಿನ ಕಡೆ ಮಾಂಸದೂಟಕ್ಕೆ ಸಾವಜಿ ಖಾನಾವಳಿ ಇಂದಿಗೂ ಹೆಸರುವಾಸಿ. ಊರು ಬಿಟ್ಟು ಬಂದವನಿಗೆ ಆ ಬೋರ್ಡು ‘ಇಲ್ಲಿ ಒಲೆಯ ಮುಂದೆ ಇರುವವರು ನಿಮ್ಮವರೇ’ ಎಂದು ಧೈರ್ಯ ಹೇಳುತ್ತಿತ್ತು. ಅದೇ ಬೋರ್ಡು ಇನ್ನೊಬ್ಬನಿಗೆ ‘ಇದು ನಿನ್ನದಲ್ಲ’ ಎಂದೂ ಹೇಳುತ್ತಿತ್ತು. ಅದನ್ನು ಓದಲು ನನಗೆ ಆಗ ಬರುತ್ತಿರಲಿಲ್ಲ. ಮದರಾಸಿನಲ್ಲಿ 1957ರಲ್ಲಿಯೇ ಪೆರಿಯಾರರ ಅನುಯಾಯಿಗಳು ಹೋಟೆಲಿನ ಬೋರ್ಡಿನಿಂದ ‘ಬ್ರಾಹ್ಮಣ’ ಶಬ್ದವನ್ನು ತೆಗೆಯಬೇಕೆಂದು ಚಳವಳಿ ಮಾಡಿದ್ದರೆಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ.

ಖಾನಾವಳಿ ಹೊಟ್ಟೆಗಾದರೆ ಚಹಾದ ಅಂಗಡಿ ಗೆಳೆತನಕ್ಕೆ. ತಗಡಿನ ಮಾಡು, ಎರಡು ಉದ್ದನೆಯ ಬೆಂಚು, ಕಪ್ಪು-ಬಸಿ, ಗಾಜಿನ ಬರಣಿಯಲ್ಲಿ ಖಾರಿ ಬಿಸ್ಕೀಟು. ಸಂಜೆ ಸುಸಲಾ ಮತ್ತು ಮಿರ್ಚಿಭಜಿ. ಒಂದೇ ‘ಸಂಯುಕ್ತ ಕರ್ನಾಟಕ’ದ ಹಾಳೆಗಳು ನಾಲ್ಕು ಕೈಗಳಲ್ಲಿ ಹಂಚಿಹೋಗುತ್ತಿದ್ದವು. ಒಂದು ಚಹಾವನ್ನು ಇಬ್ಬರು ಹಂಚಿಕೊಂಡರೆ ಒಬ್ಬನಿಗೆ ಕಪ್ಪು, ಇನ್ನೊಬ್ಬನಿಗೆ ಬಸಿ. ಇಷ್ಟನ್ನು ಹೇಳಿ ನಿಲ್ಲಿಸಿದರೆ ಅದು ಬಹಳ ಸುಂದರವಾದ ಚಿತ್ರ. ಇದುವರೆಗೆ ನಾನು ನಿಮಗೆಲ್ಲ ಹೇಳಿಕೊಂಡು ಬಂದದ್ದೂ ಇಷ್ಟನ್ನೇ.

ಉಳಿದದ್ದು ಇದು. ಮೆಟ್ರಿಕ್ ಪರೀಕ್ಷೆಯ ಕೊನೆಯ ಪೇಪರು ಮುಗಿದ ದಿನ ನಾವು ನಾಲ್ವರು ಗೆಳೆಯರು ಅಂಥದೊಂದು ಅಂಗಡಿಗೆ ಹೋದೆವು. ಚಹಾ ಕುಡಿಸುವವನು ನಾಲ್ಕನೆಯವನು. ಗಣಿತದಲ್ಲಿ ನಮ್ಮೆಲ್ಲರಿಗಿಂತ ಮುಂದಿದ್ದವನು. ಹತ್ತಿ ಬಿಡಿಸಲು ಹೋಗಿ ದುಡಿದ ಕೂಲಿ ಅವನ ಜೇಬಿನಲ್ಲಿತ್ತು. ನಾವು ಮೂವರು ಒಳಗೆ ಹೋಗಿ ಬೆಂಚಿನ ಮೇಲೆ ಕುಳಿತೆವು. ಅವನು ಕುಳಿತುಕೊಳ್ಳಲಿಲ್ಲ. ಅಂಗಡಿಯ ಪಕ್ಕದ ಬೇವಿನ ಮರದ ಗೂಟಕ್ಕೆ ಒಂದು ಕಪ್ಪನ್ನು ಸಿಕ್ಕಿಸಿದ್ದರು. ಅವನು ಅದನ್ನು ತೆಗೆದು, ತೊಳೆದು, ಹಿಡಿದು ನಿಂತ. ಅಂಗಡಿಯ ಹುಡುಗ ಮೇಲಿನಿಂದ ಚಹಾ ಸುರಿದ. ಅವನು ಕುಡಿದು, ಮತ್ತೆ ತೊಳೆದು, ಗೂಟಕ್ಕೆ ಸಿಕ್ಕಿಸಿದ. ಗಲ್ಲಾದ ಮೇಲುಗಡೆ ಬಸವಣ್ಣನವರ ಪಟವಿತ್ತು. ನಾಲ್ಕು ಚಹಾ, ಎರಡು ಪ್ಲೇಟು ಭಜಿಯ ಹಣವನ್ನು ಅವನೇ ಕೊಟ್ಟ. ಅವನ ಕಪ್ಪು ಹೊರಗೆ ಉಳಿಯಿತು, ಅವನ ಕಾಸು ಒಳಗೆ ಹೋಯಿತು. ಎರಡನೆಯ ಪ್ಲೇಟು ಭಜಿಯನ್ನು ಬೇಡಿ ತರಿಸಿಕೊಂಡವನು ನಾನು.

ಯಾರೂ ಏನೂ ಅನ್ನಲಿಲ್ಲ. ಅಂಗಡಿಯವನು ಕೆಟ್ಟವನಾಗಿರಲಿಲ್ಲ, ನಗುನಗುತ್ತಲೇ ಮಾತನಾಡಿಸಿದ. ನನಗೆ ಅದು ತಪ್ಪೆಂದು ಗೊತ್ತಿರಲಿಲ್ಲವೆಂದು ಹೇಳುವಂತೆಯೂ ಇಲ್ಲ. ಆ ವಾರವಷ್ಟೇ ಸಮಾಜಶಾಸ್ತ್ರದ ಪೇಪರಿನಲ್ಲಿ ಮೂಲಭೂತ ಹಕ್ಕುಗಳ ಬಗ್ಗೆ ಪುಟಗಟ್ಟಲೆ ಬರೆದಿದ್ದೆ. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿದೆ. 15ನೆಯ ವಿಧಿ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲುಗಳನ್ನು ಹೆಸರಿಸಿಯೇ ಅಲ್ಲಿಗೆ ಹೋಗಲು ಜಾತಿ ಅಡ್ಡಬರಕೂಡದೆಂದು ಹೇಳುತ್ತದೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಹೋಟೆಲಿನಲ್ಲಿ ಇಟ್ಟ ಪಾತ್ರೆಗಳ ಬಳಕೆಯನ್ನೂ ಬಿಡದೆ ಹೆಸರಿಸಿದೆ. ಆ ಕಪ್ಪು ಕಾಯ್ದೆಯ ಕಣ್ಣಿಗೆ ಬಿದ್ದು ಹತ್ತು ವರ್ಷವಾಗಿತ್ತು. ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಮುಂದೆ ಶಿಕ್ಷಕನಾದ ಮೇಲೆ ಒಂದು ಸಂಗತಿ ಓದಿದೆ. 1960ರ ಫೆಬ್ರುವರಿ 1ರಂದು ಅಮೆರಿಕದ ಗ್ರೀನ್ಸ್‌ಬರೊ ಎಂಬ ಊರಿನಲ್ಲಿ ನಾಲ್ವರು ಕರಿಯ ಕಾಲೇಜು ವಿದ್ಯಾರ್ಥಿಗಳು, ಬಿಳಿಯರಿಗೆ ಮಾತ್ರ ಮೀಸಲಾಗಿದ್ದ ಊಟದ ಕೌಂಟರಿನಲ್ಲಿ ಕುಳಿತು ಕಾಫಿ ಕೇಳಿದರು. ಕೊಡಲಿಲ್ಲ; ಅವರು ಏಳಲಿಲ್ಲ. ಮರುದಿನ ಇನ್ನಷ್ಟು ಜನ ಬಂದು ಕುಳಿತರು. ಊರೂರಿಗೆ ಹಬ್ಬಿತು. ಅದೇ ವರ್ಷದ ಜುಲೈಯಲ್ಲಿ ಆ ಕೌಂಟರು ಎಲ್ಲರಿಗೂ ತೆರೆಯಿತು. ಅವರೂ ನಾಲ್ವರು, ನಾವೂ ನಾಲ್ವರು. ಹೆಚ್ಚುಕಡಿಮೆ ಒಂದೇ ಕಾಲ. ನಾವು ಮೂವರು ಬೆಂಚಿನಿಂದ ಎದ್ದು ಬೇವಿನ ಮರದ ಕೆಳಗೆ ಹೋಗಿ ನಿಂತಿದ್ದರೆ ಸಾಕಾಗುತ್ತಿತ್ತು. ಚಹಾ ತಣ್ಣಗಾಗುತ್ತಿತ್ತು, ಅಷ್ಟೇ.

ಆ ಗೆಳೆಯ ಮುಂದೆ ರೈಲ್ವೆಯಲ್ಲಿ ನೌಕರಿ ಹಿಡಿದು ಸಿಕಂದರಾಬಾದಿಗೆ ಹೋದ. ಕೆಲವು ವರ್ಷಗಳ ನಂತರ ಕೆಲಸದ ಮೇಲೆ ಹೈದರಾಬಾದಿಗೆ ಹೋದಾಗ ಅವನು ನನ್ನನ್ನು ಇರಾನಿ ಹೋಟೆಲಿಗೆ ಕರೆದೊಯ್ದ. ಅಮೃತಶಿಲೆಯ ಹಾಸಿನ ದುಂಡು ಮೇಜು, ಬಾಗಿದ ಕಟ್ಟಿಗೆಯ ಕುರ್ಚಿಗಳು. ಅಲ್ಲಿ ಡಿಕಾಕ್ಷನ್ನನ್ನು ಮುಚ್ಚಿದ ಪಾತ್ರೆಯಲ್ಲಿ ತಾಸುಗಟ್ಟಲೆ ಕಾಯಿಸುತ್ತಾರೆ, ಹಾಲನ್ನು ಬೇರೆಯಾಗಿ ಕಾಯಿಸಿ ಗಟ್ಟಿ ಮಾಡುತ್ತಾರೆ, ಕೊಡುವಾಗ ಕೂಡಿಸುತ್ತಾರೆ. ಜೊತೆಗೆ ಉಪ್ಪುಸಿಹಿಯ ಉಸ್ಮಾನಿಯಾ ಬಿಸ್ಕೀಟು. ನಮ್ಮ ಸುತ್ತಲೂ ಗುಮಾಸ್ತರು, ಆಟೋದವರು, ವಕೀಲರು, ಮುಲ್ಲಾಗಳು, ವಿದ್ಯಾರ್ಥಿಗಳು ಕುಳಿತಿದ್ದರು. ಒಂದು ಚಹಾದ ಮೇಲೆ ಎರಡು ತಾಸು ಕುಳಿತರೂ ಎಬ್ಬಿಸುವವರಿಲ್ಲ. ಅವನು ಹೇಳಿದ: ‘ಈ ಊರಾಗ ನನಗ ಮೊದಲ ಸೇರಿದ್ದು ಇದೇ ನೋಡು. ಇಲ್ಲಿ ಎಷ್ಟು ಚಾ ಅಂತ ಕೇಳ್ತಾರ, ಯಾರಾಂವ ಅಂತ ಕೇಳಂಗಿಲ್ಲ.’ ಬೇವಿನ ಮರದ ಮಾತನ್ನು ಅವನೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಇರಾನಿನಿಂದ ಬಂದ ಹೊರಗಿನವರು ನನ್ನ ಗೆಳೆಯನಿಗೆ ಕೊಟ್ಟ ಕುರ್ಚಿಯನ್ನು ಅವನ ಊರಿನವರಾದ ನಾವು ಕೊಟ್ಟಿರಲಿಲ್ಲ.

2002ರಲ್ಲಿ ಸರ್ಕಾರ ನಮ್ಮ ಭಾಗದ ಏಳು ಜಿಲ್ಲೆಗಳಲ್ಲಿ ಮೊದಲಿಗೆ ‘ಅಕ್ಷರ ದಾಸೋಹ’ದ ಬಿಸಿಯೂಟವನ್ನು ಆರಂಭಿಸಿತು. ಆಗ ಯಾದಗಿರಿ ಇನ್ನೂ ಜಿಲ್ಲೆಯಾಗಿರಲಿಲ್ಲ, ನಾವು ಗುಲಬರ್ಗಾದವರೇ. ಕೆಲವು ತಂದೆತಾಯಿಗಳು ಮಕ್ಕಳ ಕೈಯಲ್ಲಿ ಮನೆಯ ಬುತ್ತಿಯನ್ನು ಕಟ್ಟಿ ಕಳುಹಿಸಿ, ‘ಸಾಲಿನಾಗ ಕೂಡಬ್ಯಾಡ’ ಎಂದು ಹೇಳಿ ಕಳುಹಿಸುತ್ತಿದ್ದರು. ನಾನು ಭಾಷಣ ಮಾಡಲಿಲ್ಲ. ತಾಟು ಹಿಡಿದು ಸಾಲಿನ ನಡುವೆ ಕುಳಿತೆ, ದಿನವೂ ಕುಳಿತೆ. ನಿಮ್ಮಲ್ಲಿ ಕೆಲವರು ನನ್ನ ಎಡಬಲಕ್ಕೆ ಕುಳಿತು ಉಂಡಿದ್ದೀರಿ. ಅದು ದೊಡ್ಡ ಧೈರ್ಯವೇನೂ ಅಲ್ಲ. ಆಗ ಸರ್ಕಾರದ ಆದೇಶವೇ ನನ್ನ ಬೆನ್ನಿಗಿತ್ತು. ಹದಿನಾರನೆಯ ವಯಸ್ಸಿನಲ್ಲಿ ಎದ್ದು ನಿಲ್ಲದವನು ಐವತ್ತು ದಾಟಿದ ಮೇಲೆ ಕುಳಿತುಕೊಂಡ ಎಂದಷ್ಟೇ ಅದನ್ನು ತಿಳಿಯಿರಿ.

ಇಂದು ಶಹಾಪುರದ ಕಡೆ ಹೋದರೆ ಎಲ್ಲವೂ ಬದಲಾಗಿದೆ. ಕೃಷ್ಣೆಯ ಕಾಲುವೆ ಬಂದ ಮೇಲೆ ಜೋಳ, ಹತ್ತಿ, ತೊಗರಿಯ ಎರೆ ಭೂಮಿಯಲ್ಲಿ ಭತ್ತ ಬಂತು. ಭತ್ತದ ಜೊತೆಗೆ ಆಂಧ್ರದ ರೈತರು ಬಂದು ಕ್ಯಾಂಪು ಕಟ್ಟಿದರು. ಅವರ ಹಿಂದೆ ಅವರ ಪಪ್ಪು, ಗೊಂಗೂರ, ಆಂಧ್ರ ಮೆಸ್ಸುಗಳೂ ಬಂದವು. ಅವರ ಗೊಂಗೂರವೇ ನಮ್ಮ ಪುಂಡಿ ಎಂದು ತಿಳಿಯಲು ಎರಡೂ ಕಡೆಯವರು ಒಂದೇ ಮೇಜಿಗೆ ಕೂಡಬೇಕಾಯಿತು. ನಮ್ಮ ಬಾಲ್ಯದಲ್ಲಿ ಅನ್ನ ಹಬ್ಬದ ಊಟ, ರೊಟ್ಟಿ ಬಡವನ ಊಟ. ಈಗ ಅದು ತಲೆಕೆಳಗಾಗಿದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲಂತೂ ಜೋಳಕ್ಕೆ ಪಟ್ಟಣಗಳಲ್ಲಿ ಹೊಸ ಮರ್ಯಾದೆ ಬಂದಿದೆ. ಇದರಿಂದ ನನಗೆ ಸಂತೋಷವೇ. ಬಂಡಿಯ ಗಾಲಿಯನ್ನು ಗೋಡೆಗೆ ಹಾಕಿದರೆ ನನ್ನ ತಕರಾರಿಲ್ಲ.

ಬೇವಿನ ಮರದ ಕಪ್ಪೂ ಹೋಗಿದೆ. ಅದನ್ನು ಓಡಿಸಿದ್ದು ನಮ್ಮ ಪಶ್ಚಾತ್ತಾಪವಲ್ಲ, ಕಾಗದದ ಕಪ್ಪು. ಎಲ್ಲರದ್ದೂ ಒಂದೇ ಬಗೆ, ಕುಡಿದು ಬಿಸಾಡಿದರೆ ಮುಗಿಯಿತು; ಯಾರ ಎಂಜಲನ್ನು ಯಾರು ತೊಳೆಯಬೇಕೆಂಬ ಪ್ರಶ್ನೆಯೇ ಇಲ್ಲ. ಆದರೆ ಅದರ ಜೊತೆಗೆ ಬೆಂಚೂ ಹೋಯಿತು. ರಸ್ತೆಯ ಬದಿಗೆ ನಿಂತು ಎರಡು ನಿಮಿಷದಲ್ಲಿ ಚಹಾ ಮುಗಿಸುತ್ತೇವೆ. ಒಟ್ಟಿಗೆ ಕೂಡುವ ಕಷ್ಟವನ್ನು ನಾವು ಬಗೆಹರಿಸಲಿಲ್ಲ. ಯಾರೂ ಕೂಡದ ಹಾಗೆ ಮಾಡಿಕೊಂಡೆವು. ಹಳ್ಳಿಯ ಹೋಟೆಲಿನಲ್ಲಿ ಪ್ರವೇಶ ನಿರಾಕರಿಸಿದ ಸುದ್ದಿ ಈಗಲೂ ಪತ್ರಿಕೆಯಲ್ಲಿ ಆಗಾಗ ಕಾಣಿಸುವುದು ಅದಕ್ಕಾಗಿಯೇ. 2017ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಬಳಿಕ ಬೇರೆ ಊರುಗಳಿಗೂ ಬಂದ ಇಂದಿರಾ ಕ್ಯಾಂಟೀನಿನಲ್ಲಿ ಹತ್ತು ರೂಪಾಯಿಗೆ ಊಟ ಆರಂಭವಾದಾಗ ಕೆಲವರು ಅಕ್ಕಿಯ ಗುಣಮಟ್ಟದ ಬಗ್ಗೆ ಮಾತ್ರ ಮಾತನಾಡಿದರು. ಅಲ್ಲಿ ಒಂದೇ ಸಾಲಿನಲ್ಲಿ ಯಾರು ಯಾರು ನಿಂತಿದ್ದಾರೆಂದು ನಾನು ನೋಡುತ್ತಿದ್ದೆ.

ಈಗ ಮೊದಲಿನ ಊಟಕ್ಕೆ ಮರಳುತ್ತೇನೆ. ಆ ಹೆದ್ದಾರಿಯ ಹೋಟೆಲಿನಿಂದ ಹೊರಟು ಅರ್ಧ ದಾರಿ ಬಂದ ಮೇಲೆ ನನಗೆ ನೆನಪಾಯಿತು, ಕಾರಿನ ಡ್ರೈವರು ನಮ್ಮ ಜೊತೆ ಇರಲಿಲ್ಲ. ‘ಊಟ ಆಯ್ತೇನಪಾ?’ ಎಂದೆ. ‘ಆತ್ರಿ ಸರ್. ಹಿಂದ ಡ್ರೈವರಗೋಳಿಗಿ ಬ್ಯಾರೆ ಇಟ್ಟಾರ್ರಿ, ರೊಕ್ಕನೂ ತಗೊಳಲ್ಲ’ ಎಂದ ಹುಡುಗ, ಸಂತೋಷದಿಂದಲೇ. ನಮ್ಮೊಡನೆ ಯಾಕೆ ಬರಲಿಲ್ಲವೆಂದರೆ, ‘ನಿಮ್ಮ ಮುಂದ ಕುಂತ್ರ ಹೊಟ್ಟಿತುಂಬ ಉಣ್ಣಾಕ ಆಗಲ್ರಿ’ ಎಂದು ನಕ್ಕ.

ಇದು ಬೇವಿನ ಮರದ ಕಪ್ಪಿಗೆ ಸಮವೆಂದು ನಾನು ಹೇಳುವುದಿಲ್ಲ. ಅವನಿಗೆ ಅಲ್ಲಿ ಅವಮಾನವಾಗಲಿಲ್ಲ. ತನ್ನವರೊಡನೆ ನಿಶ್ಚಿಂತೆಯಿಂದ ಉಂಡ. ನನ್ನನ್ನು ಕಾಡಿದ್ದು ನನ್ನದೇ ಒಂದು ಗುಣ. ಅರವತ್ತು ವರ್ಷಗಳ ನಂತರವೂ ಜೊತೆಗೆ ಬಂದವರಲ್ಲಿ ಒಬ್ಬ ಮೇಜಿನ ಬಳಿ ಇಲ್ಲ ಎಂಬುದು ಊಟ ಮುಗಿದ ಮೇಲೆ ನನಗೆ ಕಾಣಿಸಿತು. ಬನ್ನಿ ಎಂದು ಕರೆದು, ಅವನು ಒಲ್ಲೆನೆಂದಿದ್ದರೆ ಮಾತು ಬೇರೆ. ನಾವು ಕರೆಯಲೇ ಇಲ್ಲ.

ಆದ್ದರಿಂದ ಮಕ್ಕಳೇ, ಗೆಳೆಯರೊಡನೆ ಹೊರಗೆ ಊಟಕ್ಕೆ ಹೋಗಿ, ಧಾರಾಳವಾಗಿ ಹೋಗಿ. ಅದನ್ನು ಖರ್ಚೆಂದು ಬೈಯುವ ಹಿರಿಯ ನಾನಲ್ಲ. ಮನೆಯಲ್ಲಿ ಎದುರಾಗದವರು ಎದುರಾಗುವ ಜಾಗ ಹೋಟೆಲು. ಆದರೆ ಹೋಟೆಲನ್ನು ಅಳೆಯುವಾಗ ರುಚಿ, ಬಿಲ್ಲು, ಗೋಡೆಯ ಅಲಂಕಾರ ಇವುಗಳ ಜೊತೆಗೆ ಒಂದು ಪ್ರಶ್ನೆಯನ್ನೂ ಸೇರಿಸಿಕೊಳ್ಳಿ: ಬಂದವರೆಲ್ಲ ಕುಳಿತಿದ್ದಾರೆಯೇ? ‘ಹಳೆಯ ಕಾಲ’ವನ್ನು ಗೋಡೆಗೆ ತೂಗುಹಾಕುವವರು ಬಂಡಿಯ ಗಾಲಿಯ ಪಕ್ಕದಲ್ಲಿ ಒಂದು ಗೂಟ ಬಡಿದು ಕಪ್ಪನ್ನೂ ಸಿಕ್ಕಿಸಲಿ. ಆಗ ನಾನು ‘ಹೌದಪಾ, ಹಿಂಗೇ ಇತ್ತು’ ಎಂದು ನಿಜವಾಗಿಯೂ ಹೇಳಬಲ್ಲೆ.

ಇದನ್ನು ಬರೆಯುವ ಮೊದಲು ಗೆಳೆಯನಿಗೆ ಫೋನು ಮಾಡಿದೆ. ಈ ಮಾತನ್ನು ಅವನೊಡನೆ ಎತ್ತಿದ್ದು ಇದೇ ಮೊದಲು. ಸ್ವಲ್ಪ ಹೊತ್ತು ಸುಮ್ಮನಿದ್ದ. ‘ನಿನಗ ನೆನಪ ಅದ ಅಂತ ನನಗ ಗೊತ್ತಿರಲಿಲ್ಲ’ ಎಂದ. ಮತ್ತೆ, ‘ಬರಿ, ಖರೆ ನನ್ನ ಹೆಸರ ಹಾಕಬ್ಯಾಡ. ಓದಿದಾವರು ಪಾಪ ಅಂತಾರ, ಅದು ನನಗ ಸೇರಂಗಿಲ್ಲ’ ಎಂದ.

ಫೋನು ಇಡುವ ಮೊದಲು ಇನ್ನೊಂದು ಮಾತು ಹೇಳಿದ: ‘ಭಜಿ ಛಲೋ ಇತ್ತು ಅಂತನೂ ಬರಿ. ರೊಕ್ಕ ನಂದು ಇತ್ತಲ್ಲ.’